ಸೊಪ್ಪಿನ ಕಾಲದ ಓಟ

ಸುನಂದಮ್ಮ ಕೆ.ಆರ್. ನಗರದ ಕಡೆಯವಳು. ನಾಲೆ ಬಯಲಲ್ಲಿ ಹುಟ್ಟಿ, ಮೊಣಕಾಲುದ್ದ ಕೆಸರಲ್ಲಿ ನಾಟಿ ಹಾಕಿ ಬೆಳೆದವಳು. ಪೊಲೀಸ್ ಕೆಲಸಕ್ಕೆ ಸೇರಿ ಬಹಳ ವರ್ಷ ಮೈಸೂರಿನಲ್ಲೇ ಇದ್ದು, ತೋಳಿಗೆ ಮೂರು ಪಟ್ಟಿ ಬಂದ ಮೇಲೆ ಹುಣಸೂರು ತಾಲ್ಲೂಕಿನ ಒಂದು ಠಾಣೆಗೆ ಮುಖ್ಯಪೇದೆಯಾಗಿ ಬಂದಳು. ಕೆ.ಆರ್. ನಗರಕ್ಕೂ ಹುಣಸೂರಿಗೂ ಏನು ಮಹಾ ದೂರ, ಒಂದು ಬಸ್ಸಿನ ಹಾದಿ. ಆದರೂ ಆ ಕಡೆಯವರಿಗೆ ಈ ಕಡೆಯ ಬೆಳೆ ಗೊತ್ತಿಲ್ಲ. ಅಲ್ಲಿ ಬತ್ತ, ಇಲ್ಲಿ ಹೊಗೆಸೊಪ್ಪು. ರಸ್ತೆ ಪಕ್ಕದ ಹೊಲಗಳಲ್ಲಿ ಎತ್ತರಕ್ಕೆ ಗೋಡೆ ಎದ್ದ ಬ್ಯಾರನ್‌ಗಳನ್ನು ಮೊದಲ ಸಲ ನೋಡಿದಾಗ ಅವಳು ಜೀಪ್ ಓಡಿಸುತ್ತಿದ್ದ ಪೇದೆ ಮಹೇಂದ್ರನನ್ನು ಕೇಳಿದ್ದಳು.

“ಏನ್ ಮಹೇಂದ್ರ, ಊರೂರಿಗೂ ಇಷ್ಟೊಂದು ಗೋಡೌನು?”

“ಗೋಡೌನಲ್ಲ ಮೇಡಂ, ಸೊಪ್ಪು ಬೇಯಿಸೋ ಮನೆ,” ಎಂದು ಅವನು ನಕ್ಕ. ಅವಳೂ ನಕ್ಕಳು. ಅಲ್ಲಿಗೆ ಆ ಮಾತು ಮುಗಿಯಿತು. ಸೊಪ್ಪಿನ ಬಗ್ಗೆ ಅವಳು ಮುಂದಕ್ಕೆ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಆ ವರ್ಷ ಠಾಣೆಯ ಸಾಹೇಬರು ಒಂದು ಒಳ್ಳೆಯ ಕೆಲಸ ಶುರು ಮಾಡಿದರು. ಹಳ್ಳಿಯ ಹುಡುಗರು ಓದು ಅರ್ಧಕ್ಕೆ ಬಿಟ್ಟು ಸೇತುವೆ ಕಟ್ಟೆ ಮೇಲೆ ಕೂತು ಕೆಡುತ್ತಾರೆ, ಕೊನೆಗೆ ಯಾವುದೋ ಗಲಾಟೆಯಲ್ಲಿ ಠಾಣೆಗೇ ಬರುತ್ತಾರೆ. ಅದಕ್ಕೆ ಮೊದಲೇ ಅವರನ್ನು ಕರೆದು, ಪೊಲೀಸ್ ನೇಮಕಾತಿಗೆ ಬೇಕಾದ ಓಟ, ಜಿಗಿತ, ಗುಂಡು ಎಸೆತ ಕಲಿಸಿ, ವಾರಕ್ಕೆ ಎರಡು ದಿನ ಪಾಠವನ್ನೂ ಹೇಳಿಕೊಟ್ಟರೆ ಹೇಗೆ ಎಂದರು. ಹೈಸ್ಕೂಲ್ ಮೈದಾನ ಸಿಕ್ಕಿತು. ಬೆಳಿಗ್ಗೆ ಏಳು ಗಂಟೆಗೆ ಬನ್ನಿ ಎಂದು ಊರೂರಲ್ಲಿ ಹೇಳಿಸಿದರು. ಗಂಡು ಹುಡುಗರು ಬಂದರು. ಹೆಣ್ಣುಮಕ್ಕಳು ಒಬ್ಬರೂ ಬರಲಿಲ್ಲ.

“ಸುನಂದಮ್ಮ, ಹೆಣ್ಣುಮಕ್ಕಳ ಜವಾಬ್ದಾರಿ ನಿಮ್ಮದು,” ಎಂದರು ಸಾಹೇಬರು.

ಅವಳಿಗೆ ಅದು ಬರೀ ಡ್ಯೂಟಿಯಾಗಿ ಕಾಣಲಿಲ್ಲ. ಅವಳು ಈ ಕೆಲಸಕ್ಕೆ ಸೇರಬೇಕೆಂದು ಹೊರಟಾಗ ಹೇಳಿಕೊಡುವವರು ಯಾರೂ ಇರಲಿಲ್ಲ. ಲಂಗ ಎತ್ತಿ ಕಟ್ಟಿಕೊಂಡು ನಾಲೆ ಏರಿಯ ಮೇಲೆ ಒಬ್ಬಳೇ ಓಡುತ್ತಿದ್ದಳು. ದನ ಹೊಡೆದುಕೊಂಡು ಬರುವವರು “ಯಾರ್ ಅಟ್ಟುಸ್ಕಂಡ್ ಬತ್ತಾವ್ರೇ ನಿನ್ನ?” ಎಂದು ಕೇಳಿ ನಗುತ್ತಿದ್ದರು. ಮೈಸೂರಿನ ಪರೀಕ್ಷೆಯಲ್ಲಿ ಸೀಟಿ ಊದಿದ್ದೇ ತಡ, ಇದ್ದ ಬದ್ದ ಉಸಿರನ್ನೆಲ್ಲ ಹಾಕಿ ಎಲ್ಲರಿಗಿಂತ ಮುಂದೆ ಓಡಿದಳು. ಅರ್ಧದಲ್ಲಿ ಕಾಲು ಸತ್ತುಹೋಯಿತು. ಮೊದಲು ತಡೆದು ಓಡಬೇಕು, ಕೊನೆಗೆ ಬಿಡಬೇಕು ಎಂಬಷ್ಟು ಸಣ್ಣ ಮಾತನ್ನು ಹೇಳುವವರಿಲ್ಲದೆ ಒಂದು ವರ್ಷ ಮನೆಯಲ್ಲಿ ಕೂತಳು. ಎರಡನೇ ಸಲಕ್ಕೆ ಕೆಲಸ ಸಿಕ್ಕಿತು, ಆ ಮಾತು ಬೇರೆ. ಆ ಒಂದು ವರ್ಷ ಮಾತ್ರ ಅವಳ ಮನಸ್ಸಿಂದ ಹೋಗಿರಲಿಲ್ಲ.

ಹಾಗಾಗಿ ಹನಗೋಡಿನ ಕಡೆಯ ಹಳ್ಳಿಗಳಲ್ಲಿ ಮನೆಮನೆಗೂ ಹೋದಳು. ಲಕ್ಷ್ಮಣತೀರ್ಥದ ದಂಡೆಯ ಒಂದು ಊರಿನಲ್ಲಿ ಸಣ್ಣಬೀರಯ್ಯನ ಮಗಳು ಮೀನಾ ಸಿಕ್ಕಿದಳು. ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಉದ್ದ ಕಾಲು, ಕಡಿಮೆ ಮಾತು. ಪಿರಿಯಾಪಟ್ಟಣದ ಕಡೆಯಿಂದ ಒಂದು ಗಂಡು ಕೇಳಿಕೊಂಡು ಬಂದಿತ್ತು. ಸಣ್ಣಬೀರಯ್ಯ ಬೇಗ ಒಪ್ಪಲಿಲ್ಲ.

“ಓಡ್ಲಿ, ನಂದೇನಿಲ್ಲ ಮೇಡಮ್ಮೋರೆ. ಆದ್ರೆ ಊರಿನ ಬಾಯಿ ನಿಮ್ಗೆ ಗೊತ್ತಲ್ಲ. ನಮ್ ಉಡುಗಿ ಮ್ಯಾಲೆ ಒಂದ್ ಮಾತು ಬಂತೋ, ಅವತ್ತಿಗೆ ಓಟ ಬಂದ್. ಪಿರಿಯಾಪಟ್ಣದೋರ್ಗೆ ಊ ಅಂತೀನಿ.”

“ನನ್ನ ಮಗಳ ಥರ ನೋಡ್ಕೊತೀನಿ ಕಣಣ್ಣಾ. ಒಂದು ಮಾತು ಬರದ ಹಾಗೆ ನಾನು ನೋಡ್ಕೊತೀನಿ,” ಎಂದು ಸುನಂದಮ್ಮ ಅವನ ಜಗುಲಿಯಲ್ಲಿ ಕೂತು ಮಾತು ಕೊಟ್ಟಳು.

ಮೀನಾ ಬಂದಳು. ಅವಳ ಬೆನ್ನಿಗೆ ಇನ್ನೂ ನಾಲ್ಕೈದು ಜನ ಬಂದರು. ಮೀನಾ ಓಡುವುದನ್ನು ನೋಡಿದ ಮಹೇಂದ್ರ, “ಮೇಡಂ, ಇವ್ಳು ಗಂಡುಡುಗ್ರನ್ನೂ ಹಿಂದೆ ಹಾಕ್ತಾಳೆ,” ಎಂದ. ಸುನಂದಮ್ಮ ಅವಳನ್ನು ಮೊದಲ ಸುತ್ತಿನಲ್ಲಿ ತಡೆದು ಓಡಿಸಿದಳು, ಕೊನೆಯ ಸುತ್ತಿನಲ್ಲಿ ಬಿಟ್ಟಳು. ಹುಡುಗಿ ಒಂದು ಸಲ ಹೇಳಿದರೆ ಹಿಡಿದುಕೊಳ್ಳುತ್ತಿದ್ದಳು. ಎಲ್ಲರಿಗೂ ಸುನಂದಮ್ಮ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದ್ದಳು: “ರಾತ್ರಿ ಚೆನ್ನಾಗಿ ಮಲಗಿ, ಬೆಳಿಗ್ಗೆ ಎದ್ದು ಸೀದಾ ಮೈದಾನಕ್ಕೆ ಬನ್ನಿ. ಮನೆಗೆಲಸ ಮಾಡಿ ಸುಸ್ತಾಗಿ ಬರೋರನ್ನ ನಾನು ಓಡ್ಸಲ್ಲ, ವಾಪಸ್ ಕಳಿಸ್ತೀನಿ.” ಅವಳು ಒಳ್ಳೆಯದಕ್ಕೇ ಹೇಳಿದ್ದು.

ಆಷಾಢದ ಸೋನೆ ಹಿಡಿಯಿತು. ಕೊಡಗಿನ ಕಡೆಯಿಂದ ಗಾಳಿ, ಅದರ ಹಿಂದೆ ಜಿಟಿಜಿಟಿ ಮಳೆ. ಮೈದಾನಕ್ಕೆ ಬರುವವರು ಕಡಿಮೆಯಾದರು. ಗಂಡು ಹುಡುಗರು ಒಂದು ದಿನ ಬಂದರೆ ಎರಡು ದಿನ ಇಲ್ಲ. ಬಂದವರು ಕೆಂಪು ಕಣ್ಣು ಬಿಟ್ಟುಕೊಂಡು ಆಕಳಿಸುತ್ತಿದ್ದರು. ಸೋಂಬೇರಿಗಳು ಎಂದು ಸುನಂದಮ್ಮ ಬೈದಳು. ಮೀನಾ ಮಾತ್ರ ತಪ್ಪಿಸಲಿಲ್ಲ.

ಒಂದು ಬೆಳಿಗ್ಗೆ ಮೀನಾ ಎರಡನೇ ಸುತ್ತಿನಲ್ಲಿ ನಿಂತುಬಿಟ್ಟಳು. ಬೇಲಿ ಹಿಡಿದುಕೊಂಡು ಬಗ್ಗಿ ವಾಂತಿ ಮಾಡಿಕೊಂಡಳು. ಮುಖ ಬಿಳಿಚಿಹೋಗಿತ್ತು. ಏನೋ ತಿಂದದ್ದು ಆಗಿಬಂದಿಲ್ಲ ಎಂದುಕೊಂಡು ಸುನಂದಮ್ಮ ನೀರು ಕೊಟ್ಟು ಕೂರಿಸಿದಳು. ಎರಡು ದಿನ ಬಿಟ್ಟು ಮತ್ತೆ ಹಾಗೇ. ಆಮೇಲೆ ಮತ್ತೆ. ಯಾವಾಗಲೂ ಬೆಳಿಗ್ಗೆಯೇ, ತಲೆ ತಿರುಗಿ, ಹೊಟ್ಟೆ ತೊಳಸಿ. ಮಧ್ಯಾಹ್ನದ ಪಾಠಕ್ಕೆ ಬಂದಾಗ ನೆಟ್ಟಗಿರುತ್ತಿದ್ದಳು.

ಠಾಣೆಯಲ್ಲಿ ಕೆಲಸ ಮಾಡುವ ಹೆಂಗಸು ಎಂಥೆಂಥ ಹುಡುಗಿಯರನ್ನು ನೋಡಿರುತ್ತಾಳೆ. ಅಳುತ್ತಾ ಬಂದವರು, ಮುಚ್ಚಿಟ್ಟವರು, ಮೋಸ ಹೋದವರು. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಾಗಿಲಲ್ಲಿ ಕಾದವಳು ಸುನಂದಮ್ಮ. ಅವಳ ಮನಸ್ಸು ನೇರವಾಗಿ ಅಲ್ಲಿಗೇ ಹೋಯಿತು. ಇನ್ನೊಂದು ದಾರಿ ಇದೆ ಎಂದು ಕೂಡ ಹೊಳೆಯಲಿಲ್ಲ.

ಶಾಲೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದಳು. “ಮಗಾ, ಹೆದರ್ಕೋಬೇಡ. ನನ್ನ ಹತ್ರ ಹೇಳು. ತಿಂಗಳು ಸರಿಯಾಗಿ ಆಗ್ತಿದ್ಯಾ?”

ಮೀನಾಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಅವಳ ಮೈ ಸೆಟೆದುಕೊಂಡಿತು. ಸೊಪ್ಪು ಮುರಿದು ಬರುತ್ತೇನೆ ಎಂದರೆ ಮೇಡಂ ವಾಪಸ್ ಕಳಿಸುತ್ತಾರೆ ಎಂಬ ಭಯ ಒಂದು ಕಡೆ. ಇಂಥ ಮಾತು ಕೇಳಿದರಲ್ಲಾ ಎಂಬ ಅವಮಾನ ಇನ್ನೊಂದು ಕಡೆ. ಏನೂ ಹೇಳದೆ ಸೈಕಲ್ ತೆಗೆದುಕೊಂಡು ಹೊರಟುಹೋದಳು.

ಹುಡುಗಿ ಸುಮ್ಮನಿದ್ದದ್ದನ್ನು ಸುನಂದಮ್ಮ ಹೌದು ಎಂದೇ ತಿಳಿದುಕೊಂಡಳು. ಇನ್ನು ತಾಯಿಗೆ ಹೇಳದೆ ಇರಲಾಗದು ಎನಿಸಿತು. ಅವತ್ತೇ ಮಧ್ಯಾಹ್ನ ಯಾವುದೋ ಬಂದೋಬಸ್ತು ಮುಗಿಸಿ ಬರುವಾಗ, “ಮಹೇಂದ್ರ, ಸಣ್ಣಬೀರಯ್ಯನ ಮನೆ ಹತ್ರ ಎರಡು ನಿಮಿಷ ನಿಲ್ಸು,” ಎಂದಳು. ಖಾಕಿಯಲ್ಲೇ ಇಳಿದು ಒಳಗೆ ಹೋದಳು. ಜೀಪು ಬಾಗಿಲಲ್ಲಿ ನಿಂತಿತು. ಆ ಮನೆಯ ಬಾಗಿಲಿಗೆ ಪೊಲೀಸ್ ಜೀಪು ಅದುವರೆಗೂ ಬಂದಿರಲಿಲ್ಲ.

ಮೀನಾಳ ತಾಯಿ ಭದ್ರಮ್ಮ ಅಡುಗೆಮನೆಯಲ್ಲಿ ಕೂತು ಎಲ್ಲವನ್ನೂ ಕೇಳಿದಳು. ಆಮೇಲೆ ತನ್ನ ಎರಡು ಕೈಗಳನ್ನೂ ಮುಂದಕ್ಕೆ ಚಾಚಿದಳು. ಅಂಗೈ, ಬೆರಳು, ಉಗುರಿನ ಸಂದು ಎಲ್ಲ ಕರ್ರಗೆ ಅಂಟಿಕೊಂಡಿತ್ತು.

“ಇದು ಸೊಪ್ಪಿನ್ ಅಂಟು ಕಣವ್ವಾ. ನನ್ ಮಗ್ಳು ಬೆಳ್ಗಾಗ್ನೆದ್ದು ನಮ್ಜೊತೆ ಸೊಪ್ಪು ಮುರ್ದು ಆಮೇಕೆ ನಿಮ್ ಮೈದಾನಕ್ ಬತ್ತಾಳೆ. ಸೊಪ್ಪು ಮಳೇಲ್ ನೆಂದಿದ್ರೆ ಅದ್ರ ನಂಜು ಮೈಗಿಳ್ದು ತಲೆಗ್ ಹತ್ತದೆ, ವಾಂತಿ ಆಯ್ತದೆ. ಊರಿನ್ ಮಕ್ಳಿಗೆಲ್ಲಾ ಗೊತ್ತಿರೋ ಇಸ್ಯ. ನೀನು ಇದ್ನ ಏನಂತ ತಿಳ್ಕಂಡೆ?”

ಸುನಂದಮ್ಮ ಎದ್ದು ನಿಂತಳು. ಕೈ ಮುಗಿದಳು. ಹೊರಗೆ ಬಂದಾಗ ಎದುರು ಮನೆಯ ಜಗುಲಿಯಲ್ಲಿ ಮೂರು ಜನ ಹೆಂಗಸರು ನಿಂತಿದ್ದರು. ಅಡುಗೆಮನೆ ಗೋಡೆ ದಪ್ಪವೇನಲ್ಲ. ಕೆಲವು ಮಾತು ಕೇಳಿತ್ತು, ಕೆಲವು ಕೇಳಿರಲಿಲ್ಲ. ಕೇಳದೆ ಉಳಿದದ್ದನ್ನು ಅವರೇ ತುಂಬಿಕೊಂಡರು. ದೀಪ ಹಚ್ಚುವ ಹೊತ್ತಿಗೆ ಊರಲ್ಲೆಲ್ಲ ಒಂದೇ ಸುದ್ದಿ: ಸಣ್ಣಬೀರಯ್ಯನ ಮಗಳನ್ನು ಪೊಲೀಸಿನವರು ಹುಡುಕಿಕೊಂಡು ಬಂದಿದ್ದರು, ಹುಡುಗಿಗೆ ತಿಂಗಳು ನಿಂತಿದೆಯಂತೆ.

ಮಾರನೆಯ ದಿನ ಮೀನಾ ಬರಲಿಲ್ಲ. ಸಣ್ಣಬೀರಯ್ಯ ಫೋನಿನಲ್ಲಿ ನಾಲ್ಕೇ ಮಾತು ಆಡಿದ. “ನಾನೇನ್ ಯೋಳಿದ್ದೆ? ಮಾತು ಬಂತು. ತಂದೋರು ನೀವೇ. ಇನ್ ಬುಡಿ.”

ಸುನಂದಮ್ಮ ಎರಡು ದಿನ ಅದನ್ನೇ ಯೋಚಿಸಿದಳು. ಶಾಲೆಯ ವ್ಯಾನ್ ಓಡಿಸುವ ಗಂಡ ಕುಮಾರ್, “ಹೋಗಿ ತಪ್ಪಾಯ್ತು ಅಂತ ಹೇಳಿ ಬಾ,” ಎಂದ. ಯಾರಿಗೆ ಹೇಳುವುದು? ಮನೆಯವರಿಗೆ ಆಗಲೇ ನಿಜ ಗೊತ್ತು. ಊರಿಗೆ ಹೇಳಬೇಕು. ಊರವರನ್ನು ಸಾಲಾಗಿ ನಿಲ್ಲಿಸಿ ಹೇಳಲಾಗುತ್ತದೆಯೇ? ಖಾಕಿ ಹಾಕಿಕೊಂಡು ಹೋಗಿ ಹೇಳಿದರೆ ಮುಚ್ಚಿಹಾಕುವುದಕ್ಕೆ ಬಂದಳು ಎನ್ನುತ್ತಾರೆ. ಏನು ಮಾಡಬೇಕು ಎಂದು ಅವಳಿಗೆ ಸರಿಯಾಗಿ ತಿಳಿಯಲೇ ಇಲ್ಲ. ಆದರೂ ವಾರದ ರಜೆಯ ದಿನ ಹಳೆಯ ಸೀರೆ ಉಟ್ಟು, ಟವಲ್ ಒಂದನ್ನು ಚೀಲಕ್ಕೆ ಹಾಕಿಕೊಂಡು ಹುಣಸೂರಿನಿಂದ ಮೊದಲ ಬಸ್ಸು ಹತ್ತಿದಳು.

ಸಣ್ಣಬೀರಯ್ಯನ ಹೊಲದಲ್ಲಿ ಹತ್ತು ಹನ್ನೆರಡು ಜನ ಹೆಂಗಸರು ಸಾಲು ಹಿಡಿದಿದ್ದರು. ಎಲ್ಲರ ಮೈಮೇಲೂ ಗಂಡಸರ ಹಳೆಯ ಅಂಗಿ, ಅದರ ಮೇಲೆ ಗೊಬ್ಬರದ ಚೀಲ ಹರಿದು ಮಾಡಿಕೊಂಡ ಪ್ಲಾಸ್ಟಿಕ್ಕು. ಸಣ್ಣಬೀರಯ್ಯನ ತಾಯಿ ಚಿಕ್ಕಬೀರಮ್ಮ ಬದುವಿನ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದಳು. ಮೀನಾ ಸಾಲಿನ ಕೊನೆಯಲ್ಲಿದ್ದಳು. ನೋಡಿದರೂ ನೋಡದವಳ ಹಾಗೆ ಬೆನ್ನು ಹಾಕಿದಳು.

“ನಾನೂ ಸೊಪ್ಪು ಮುರೀತೀನಿ,” ಎಂದಳು ಸುನಂದಮ್ಮ.

ಚಿಕ್ಕಬೀರಮ್ಮ ಮೇಲಿಂದ ಕೆಳಕ್ಕೆ ನೋಡಿದಳು. “ಯಾರವ್ವಾ ನೀನು? ಓಹೋ, ಪೊಲೀಸಮ್ಮ! ಟೋಪಿ ಇಲ್ದಿದ್ರೆ ಗುರ್ತೇ ಸಿಗಾಕಿಲ್ವಲ್ಲ. ಯಾಕೆ, ಕೆಲ್ಸದಿಂದ ತಗ್ದಾಕಿದ್ರಾ?”

ಹೆಂಗಸರು ಕಿಸಕ್ಕನೆ ನಕ್ಕರು. ಭದ್ರಮ್ಮ ಮಾತಾಡದೆ ಒಂದು ಅಂಗಿಯನ್ನೂ ಒಂದು ಪ್ಲಾಸ್ಟಿಕ್ಕನ್ನೂ ತಂದುಕೊಟ್ಟಳು. ಸುನಂದಮ್ಮ ಅಂಗಿ ತೊಟ್ಟಳು. ಪ್ಲಾಸ್ಟಿಕ್ಕು ಬೇಡ ಎಂದಳು. ಮಳೆಯಲ್ಲಿ ನಾಟಿ ಹಾಕಿದವಳು ತಾನು, ಈ ಸೋನೆ ಯಾವ ಲೆಕ್ಕ ಎಂಬ ಜಂಬ.

“ಬ್ಯಾಡಾ?” ಎಂದಳು ಮುದುಕಿ. “ಬ್ಯಾಡ ಅಂದ್ರೆ ಬುಡು.”

ಗಿಡದ ಬುಡದ ಎಲೆಯನ್ನು ಮೊದಲು ಮುರಿಯಬೇಕು. ಬಗ್ಗಿ ಮುರಿಯಬೇಕು, ಮುರಿದದ್ದನ್ನು ಕಂಕುಳಿಗೆ ಒತ್ತಿಕೊಳ್ಳಬೇಕು, ಕಂಕುಳು ತುಂಬಿದಾಗ ಬದುವಿಗೆ ತಂದು ಹಾಕಬೇಕು. ಎಲೆಗಳಿಂದ ನೀರು ಇಳಿದು ಅಂಗಿ ತೊಯ್ದು, ಸೀರೆ ತೊಯ್ದು, ಮೈಗೆ ಅಂಟಿತು. ಮೊದಲು ಚಳಿ ಎನಿಸಿತು. ಸ್ವಲ್ಪ ಹೊತ್ತಿಗೆ ಬಾಯಲ್ಲಿ ಕಹಿ ನೀರು ಊರಿತು. ಕಿವಿಯಲ್ಲಿ ಗುಯ್ಯೆಂದಿತು. ಸಾಲು ಎಲ್ಲಿಗೆ ಮುಗಿಯುತ್ತದೆ ಎಂದು ತಲೆ ಎತ್ತಿದರೆ ಆಚೆ ಬ್ಯಾರನ್ ಮನೆಯೇ ವಾಲಿದ ಹಾಗೆ ಕಂಡಿತು. ಕಂಕುಳಿನ ಸೊಪ್ಪು ಅಲ್ಲೇ ಬಿಟ್ಟು, ರಸ್ತೆ ಪಕ್ಕದ ಬದುವಿನವರೆಗೂ ಓಡಿ, ಮಂಡಿಯೂರಿ ವಾಂತಿ ಮಾಡಿದಳು. ನಿಲ್ಲಲಿಲ್ಲ, ಮತ್ತೆ ಮಾಡಿದಳು.

ಹಾಲು ಹಾಕಿ ಬರುತ್ತಿದ್ದ ಗಂಡಸರು ಕ್ಯಾನು ಹಿಡಿದು ರಸ್ತೆಯಲ್ಲೇ ನಿಂತರು. ಎದುರು ಮನೆಯ ಜಗುಲಿಯಲ್ಲಿ ಅವತ್ತು ನಿಂತಿದ್ದ ಮೂವರು ಹೆಂಗಸರಲ್ಲಿ ಇಬ್ಬರು ಆ ಸಾಲಿನಲ್ಲೇ ಕೂಲಿಗೆ ಬಂದಿದ್ದರು. ಎಲ್ಲರೂ ನೋಡುತ್ತಿದ್ದಾಗ ಚಿಕ್ಕಬೀರಮ್ಮ ಎದ್ದು ನಿಂತು, ಎಲೆಅಡಿಕೆ ಉಗಿದು, ಊರಿಗೆಲ್ಲ ಕೇಳುವ ಹಾಗೆ ಕೂಗಿದಳು.

“ನೋಡ್ರವ್ವಾ ನೋಡ್ರಿ! ಪೊಲೀಸಮ್ಮನ್ಗೂ ತಿಂಗ್ಳು ನಿಂತೋಗದೆ! ಈ ವಯಸ್ನಾಗೆ! ಲೇ, ಯಾರಾದ್ರೂ ಓಗಿ ಅವ್ಳ್ ಗಂಡನ್ಗೆ ಸಕ್ರೆ ಅಂಚಕ್ ಯೋಳ್ರಲಾ!”

ಸಾಲಿಗೆ ಸಾಲೇ ನಕ್ಕಿತು. ರಸ್ತೆಯಲ್ಲಿದ್ದವರು ನಕ್ಕರು. ಜಗುಲಿಯ ಆ ಇಬ್ಬರು ಹೆಂಗಸರು ಮೊದಲು ತಲೆ ತಗ್ಗಿಸಿದರು, ಆಮೇಲೆ ಅವರಿಗೂ ತಡೆಯಲಾಗಲಿಲ್ಲ. ಸುನಂದಮ್ಮ ಮಂಡಿಯೂರಿದ ಕಡೆಯೇ ಬಾಯಿ ಒರೆಸಿಕೊಂಡು, “ಅವಳಿ ಜವಳಿ ಇರ್ಬೇಕು ಕಣಜ್ಜಿ, ಎರಡು ಸಲ ಆಯ್ತು,” ಎಂದಳು. ಮುದುಕಿ ಹೊಟ್ಟೆ ಹಿಡಿದುಕೊಂಡು ಕೂತಳು. ಊರು ನಾಲ್ಕು ದಿನದಿಂದ ಪಿಸುಪಿಸು ಎನ್ನುತ್ತಿದ್ದ ಮಾತು ಬಯಲಲ್ಲಿ ಹಾಗೆ ನಗೆಪಾಟಲಾಗಿ ಹೋಯಿತು.

ಭದ್ರಮ್ಮ ಮಜ್ಜಿಗೆಗೆ ನಿಂಬೆಹುಳಿ ಹಿಂಡಿ ತಂದು ಕುಡಿಸಿದಳು. ಬ್ಯಾರನ್ ಮುಂದಿನ ಚಪ್ಪರದಲ್ಲಿ ಒಣ ಗೋಣಿ ಹಾಸಿ ಕೂರಿಸಿದಳು. ಸಾಲು ಬಿಟ್ಟು ಬಂದಿದ್ದ ಮೀನಾ ಅಲ್ಲಿ ಕೂತು, ಬ್ಯಾರನ್ನಿನೊಳಗೆ ತೂಗುಹಾಕುವ ಕಡ್ಡಿಗೆ ಸೊಪ್ಪನ್ನು ದಾರದಲ್ಲಿ ಕಟ್ಟುತ್ತಿದ್ದಳು. ಸಣ್ಣಬೀರಯ್ಯ ಒಲೆಗೆ ಸೌದೆ ನೂಕುತ್ತಿದ್ದ. ರಾತ್ರಿಯೆಲ್ಲ ಉರಿ ಕಾದು ಅವನ ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ಮೈದಾನದಲ್ಲಿ ಆಕಳಿಸುತ್ತಿದ್ದ ಹುಡುಗರ ಕಣ್ಣು ಸುನಂದಮ್ಮನಿಗೆ ಆಗ ನೆನಪಾಯಿತು.

“ನಾಲೆ ನೀರಿನ್ ಜನಕ್ಕೆ ನಮ್ ಸೊಪ್ಪು ಎಲ್ ಗೊತ್ತಾಗ್ಬೇಕು,” ಎಂದ ಸಣ್ಣಬೀರಯ್ಯ, ಅವಳ ಕಡೆ ತಿರುಗದೆ.

“ತಪ್ಪಾಯ್ತು ಅಣ್ಣಾ. ಜೀಪಲ್ಲಿ ಬರಬಾರದಿತ್ತು.”

“ಜೀಪ್ ಇರ್ಲಿ ಬುಡಿ. ಊರೋರು ಮಾತಾಡಿದ್ರು, ಅದೂ ಇರ್ಲಿ. ನೀವು ಮಗ್ಳಂಗೆ ನೋಡ್ಕತೀನಿ ಅಂದಿದ್ರಿ. ನಿಮ್ ಮಗ್ಳು ವಾಂತಿ ಮಾಡುದ್ರೆ ನಿಮ್ಗೆ ಮೊದ್ಲು ಅದೇ ಬತ್ತಿತ್ತಾ ಮನ್ಸಿಗೆ?”

ಸುನಂದಮ್ಮ ಮಜ್ಜಿಗೆ ಲೋಟ ಕೆಳಗಿಟ್ಟಳು. ಉರಿ ಚಟಪಟ ಎನ್ನುತ್ತಿತ್ತು. ಅವಳೆಂದಳು: “ಠಾಣೆಗೆ ಒಳ್ಳೆ ಸುದ್ದಿ ತಗೊಂಡು ಯಾರೂ ಬರಲ್ಲ ಅಣ್ಣಾ. ಇಷ್ಟು ವರ್ಷ ಕೆಟ್ಟದ್ದೇ ನೋಡಿ ನೋಡಿ ಕಣ್ಣು ಹಾಗೇ ಆಗಿಬಿಟ್ಟಿದೆ. ಅದು ನನ್ನ ತಪ್ಪೇ. ಅವಳದ್ದಲ್ಲ.”

ಸಣ್ಣಬೀರಯ್ಯ ಕೈಲಿದ್ದ ಸೌದೆಯನ್ನು ಒಲೆಗೆ ಹಾಕದೆ ಕೆಳಗಿಟ್ಟ. “ನಂದೇನಿಲ್ಲ ಇನ್ನು. ಅವ್ಳೇ ಯೋಳ್ಲಿ.”

ಮೀನಾ ತಲೆ ಎತ್ತಲಿಲ್ಲ. ಎರಡೆರಡು ಎಲೆ ಜೋಡಿಸಿ, ಕಡ್ಡಿಯ ಈ ಬದಿ ಒಂದು ಹಿಡಿ, ಆ ಬದಿ ಒಂದು ಹಿಡಿ ಕಟ್ಟುತ್ತಲೇ ಇದ್ದಳು. ಕಡ್ಡಿ ತುಂಬಿ, ದಾರಕ್ಕೆ ಗಂಟು ಹಾಕಿ, ಪಕ್ಕಕ್ಕೆ ಇಟ್ಟ ಮೇಲೆ ಮಾತಾಡಿದಳು.

“ಬರಲ್ಲ ಅಂತ ನಾನು ಯಾವತ್ತೂ ಅಂದಿಲ್ಲ ಮೇಡಂ. ಆದ್ರೆ ಬೆಳಿಗ್ಗೆ ಆಗಲ್ಲ. ಸೊಪ್ಪು ಮುಗಿಯೋಗಂಟ ಸಂಜೆ ಓಡ್ಸಿ. ನಂಗೊಬ್ಳಿಗೆ ಅಲ್ಲ, ಎಲ್ರುಗೂ. ಗಂಡುಡುಗ್ರು ಬರ್ತಿಲ್ಲ ಅಂತ ಬೈತಿದ್ರಲ್ಲ, ಅವ್ರೆಲ್ಲಾ ಬ್ಯಾರನ್ ಕಾಯ್ತಾವ್ರೆ.”

“ಆಯ್ತು ಮಗಾ. ಸಾಹೇಬರಿಗೆ ನಾನು ಹೇಳ್ತೀನಿ.”

“ಇನ್ನೊಂದು,” ಎಂದಳು ಮೀನಾ. ಈಗ ತಲೆ ಎತ್ತಿದಳು. “ಇನ್ನೊಂದ್ಸಲ ನನ್ನ ನೋಡಿ ನಿಮ್ಗೆ ಏನಾದ್ರೂ ಅನ್ಸುದ್ರೆ, ನೀವಾಗೇ ತಿಳ್ಕೋಬೇಡಿ. ಯಾರ್ ಹತ್ರಾನೂ ಹೋಗ್ಬೇಡಿ. ನಾನು ಬಂದು ಹೇಳೋಗಂಟ ಕಾಯಿರಿ. ನಾನೂ ಇನ್ಮೇಲೆ ಮುಚ್ಚಿಡಲ್ಲ.”

ಸುನಂದಮ್ಮ ತಲೆಯಾಡಿಸಿದಳು. ಹಾಗೆ ಸುಮ್ಮನೆ ಕಾಯುವುದು ಅವಳಿಗೆ ಅಭ್ಯಾಸವಿಲ್ಲದ ಕೆಲಸ. ಆದರೂ ಒಪ್ಪಿಕೊಂಡಳು. ಮೀನಾ ಒಂದು ಖಾಲಿ ಕಡ್ಡಿಯನ್ನೂ ದಾರದ ಉಂಡೆಯನ್ನೂ ಅವಳ ಮುಂದಕ್ಕೆ ತಳ್ಳಿದಳು. ಮಧ್ಯಾಹ್ನದ ಬಸ್ಸು ಬರುವ ತನಕ ಸುನಂದಮ್ಮ ಸೊಪ್ಪು ಕಟ್ಟಿದಳು. ಅವಳು ಕಟ್ಟಿದ ಒಂದು ಕಡ್ಡಿಯನ್ನು ಚಿಕ್ಕಬೀರಮ್ಮ ಎತ್ತಿ ನೋಡಿ, “ಇದು ಬ್ಯಾರನ್ನಾಗೆ ಬಿಚ್ಕಂಡ್ ಉದುರ್ತದೆ, ಇನ್ನೊಂದ್ಸಲ ಕಟ್ಟು,” ಎಂದು ಬಿಚ್ಚಿಹಾಕಿದಳು. ಅವತ್ತು ಮನೆಯಲ್ಲಿ ಎಷ್ಟು ಸೋಪು ಹಾಕಿ ತಿಕ್ಕಿದರೂ ಕೈಯ ಅಂಟು ಪೂರ್ತಿ ಹೋಗಲಿಲ್ಲ. ಮುದ್ದೆ ಮುರಿದು ಬಾಯಿಗೆ ಇಟ್ಟರೆ ಕಹಿ.

ಸಾಹೇಬರು ಮೊದಲು ಹುಬ್ಬು ಗಂಟು ಹಾಕಿದರು. ಸಂಜೆ ಸ್ಟಾಫ್ ಎಲ್ಲಿದ್ದಾರೆ ಎಂದರು. “ನಾನಿದ್ದೀನಿ ಸಾರ್,” ಎಂದಳು ಸುನಂದಮ್ಮ. ಮಹೇಂದ್ರ ಬಾಗಿಲಿಂದ, “ನಾನೂ ಇದ್ದೀನಿ ಸಾರ್,” ಎಂದ. ಅವರು ಒಪ್ಪಿದರು.

ಮುಂದಿನ ವಾರ ಒಂದು ಸಂಜೆ ಮಳೆ ಬಿಟ್ಟು ಮೈದಾನಕ್ಕೆ ಹಳದಿ ಬಿಸಿಲು ಬಿದ್ದಿತ್ತು. ಬಿಟ್ಟುಹೋಗಿದ್ದ ಹುಡುಗರು ಬಹಳ ಜನ ವಾಪಸ್ ಬಂದಿದ್ದರು. ಎಲ್ಲರ ಕೈಯೂ ಕರ್ರಗಿತ್ತು. ಸಣ್ಣಬೀರಯ್ಯ ತನ್ನ ಟಿವಿಎಸ್‌ನಲ್ಲಿ ಮಗಳನ್ನು ತಂದು ಗೇಟಿನ ಹತ್ತಿರ ಇಳಿಸಿ, ಒಳಕ್ಕೆ ಬರದೆ, ಹೋಗಲೂ ಹೋಗದೆ, ಹುಣಸೆಮರದ ಕೆಳಗೆ ನಿಂತ.

ಸುನಂದಮ್ಮ ಸೀಟಿ ಊದಿದಳು. ಮೀನಾ ಮೊದಲ ಸುತ್ತು ತಡೆದು ಓಡಿದಳು. ಎರಡನೇ ಸುತ್ತಿನ ತಿರುವಿನಲ್ಲಿ, ಆ ದೂರದ ಬೇಲಿಯ ಹತ್ತಿರ, ತಟ್ಟನೆ ನಿಂತಳು. ಬಗ್ಗಿದಳು.

ಸುನಂದಮ್ಮನ ಕಾಲು ತಾನಾಗಿಯೇ ಎರಡು ಹೆಜ್ಜೆ ಮುಂದಕ್ಕೆ ಹೋಯಿತು. ಬಾಯಿಗೆ ಹೆಸರು ಬಂತು. ಗೇಟಿನ ಹತ್ತಿರ ಸಣ್ಣಬೀರಯ್ಯ ನೋಡುತ್ತಿದ್ದ. ಮಗಳನ್ನಲ್ಲ, ಅವಳನ್ನು. ಅವಳು ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಇದ್ದ ಕಡೆಯೇ ನಿಂತಳು. ಮನಸ್ಸು ಏನೇನೋ ಹೇಳಿತು. ಹೇಳಲಿ ಎಂದು ಬಿಟ್ಟು ಕಾದಳು.

ಮೀನಾ ನೆಟ್ಟಗಾದಳು. ಮೈದಾನದ ನಡುವೆ ಹಾದು, ನಡೆದುಕೊಂಡೇ ಅವಳ ಹತ್ತಿರ ಬಂದಳು.

“ಶೂ ಒಳಿಕ್ಕೆ ಕಲ್ಲು ಸೇರ್ಕಂಡಿತ್ತು ಮೇಡಂ.”

“ತೆಗೆದ್ಯಾ?”

“ಊಂ, ತೆಗ್ದೆ.”

“ಹಾಗಿದ್ರೆ ಹೋಗು. ಮೊದಲಿಂದ ಓಡು.”

ಮೀನಾ ಗೆರೆಗೆ ಹೋಗಿ ನಿಂತಳು. ಸುನಂದಮ್ಮ ಸೀಟಿಯನ್ನು ಬಾಯಿಗೆ ಇಟ್ಟಳು. ಕೈಯಲ್ಲಿ ಉಳಿದಿದ್ದ ಸೊಪ್ಪಿನ ಅಂಟಿಗೆ ಅದೂ ಸ್ವಲ್ಪ ಕಹಿಯಾಗಿತ್ತು.